ಕಂದು, ಕಪ್ಪು ಮೈಬಣ್ಣಕ್ಕೆ ಸನ್‌ಸ್ಕ್ರೀನ್: ಆರಿಸುವುದು ಹೇಗೆ, ಹಚ್ಚುವುದು ಹೇಗೆ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಮೈಬಣ್ಣ ಕಪ್ಪಗಿದ್ದರೂ ಸನ್‌ಸ್ಕ್ರೀನ್ ಬೇಕಾ? ಹಚ್ಚಿದ ಕೂಡಲೇ ಮುಖ ಬೂದಿ ಬಳಿದ ಹಾಗೆ ಕಾಣುತ್ತದಲ್ಲ, ಅದಕ್ಕೇನು ಮಾಡುವುದು? ದಿನಾ ತಪ್ಪದೆ ಹಚ್ಚಿದರೂ ಕಲೆ ಯಾಕೆ ಹೋಗುತ್ತಿಲ್ಲ? ಈ ಮೂರೂ ಒಂದೇ ಗಂಟಿನ ಎಳೆಗಳು. ಸನ್‌ಸ್ಕ್ರೀನ್ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬಿಸಿಲಿಗೆ ಕೆಂಪಗೆ ಸುಡುವ ಬಿಳಿ ಚರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ನಮ್ಮ ಚರ್ಮದ ತೊಂದರೆ ಬೇರೆ, ಹಾಗಾಗಿ ನೋಡಿ ಕೊಳ್ಳಬೇಕಾದದ್ದೂ ಬೇರೆ.

ಮೊದಲಿಗೆ, ಬೇಕೇ ಬೇಡವೇ

ಚರ್ಮಕ್ಕೆ ಬಣ್ಣ ಕೊಡುವ ವಸ್ತು ಮೆಲನಿನ್. ಅದು ಬಿಸಿಲನ್ನು ತಡೆಯುವುದು ನಿಜ. ಕಪ್ಪು ಚರ್ಮದ ಮೇಲ್ಪದರ ತಾನಾಗಿಯೇ ಸುಮಾರು 13 ಎಸ್‌ಪಿಎಫ್‌ನಷ್ಟು (ಸುಡುವ ಕಿರಣ ತಡೆಯುವ ಶಕ್ತಿಯ ಅಂಕಿ) ರಕ್ಷಣೆ ಕೊಡುತ್ತದೆ, ಬಿಳಿ ಚರ್ಮದ್ದು 3ರ ಆಸುಪಾಸು ಎಂದು 1979ರಲ್ಲಿ ಪ್ರಕಟವಾದ ಅಳತೆಯೊಂದು ಹೇಳುತ್ತದೆ. ಕಂದು ಬಣ್ಣದವರು ಇವೆರಡರ ನಡುವೆ ಎಲ್ಲೋ ಬರುತ್ತಾರೆ. ಹಾಗಾಗಿ ಅರ್ಧ ಗಂಟೆ ಬಿಸಿಲಲ್ಲಿ ನಿಂತರೆ ನಾವು ಸುಟ್ಟು ಕೆಂಪಾಗುವುದಿಲ್ಲ. ಚರ್ಮದ ಕ್ಯಾನ್ಸರಿನ ಅಪಾಯವೂ ಬಿಳಿ ಚರ್ಮದವರಿಗಿಂತ ಬಹಳ ಕಡಿಮೆ.

ಆದರೆ ಮೆಲನಿನ್ ತಯಾರಿಸುವ ಜೀವಕೋಶಗಳು ನಮ್ಮಲ್ಲಿ ಸದಾ ಚುರುಕು. ಸಣ್ಣ ಕೆಣಕು ಸಿಕ್ಕರೂ ಬಣ್ಣ ಸುರಿಯುತ್ತವೆ. ಮೊಡವೆ ಒಣಗಿದ ಮೇಲೆ ಉಳಿಯುವ ಕಪ್ಪು ಗುರುತು, ಗಾಯ ಮಾಯ್ದ ಜಾಗದ ಕಲೆ, ಕೆನ್ನೆ ಮತ್ತು ಹಣೆಯ ಮೇಲೆ ಎರಡೂ ಬದಿಗೆ ಹರಡುವ ಭಂಗು, ಬಾಯಿಯ ಸುತ್ತ ಕಪ್ಪಾಗುವುದು ಇವೆಲ್ಲ ಆ ಚುರುಕುತನದ ಫಲ. ಬಿಸಿಲು ಇವನ್ನು ಇನ್ನಷ್ಟು ಗಾಢ ಮಾಡುತ್ತದೆ, ಮಾಸಲು ಬಿಡುವುದಿಲ್ಲ. ಬಿಳಿ ಚರ್ಮದವರು ಸುಡದಿರಲು ಸನ್‌ಸ್ಕ್ರೀನ್ ಹಚ್ಚುತ್ತಾರೆ. ನಾವು ಮುಖ್ಯವಾಗಿ ಹಚ್ಚಬೇಕಾದದ್ದು ಕಲೆಗಾಗಿ. ಮುಂದಿನ ಎಲ್ಲ ಹಂತಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು. ಸನ್‌ಸ್ಕ್ರೀನ್ ನಿಮ್ಮನ್ನು ಬೆಳ್ಳಗೆ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಟ್ಯೂಬಿನ ಮೇಲೆ "ಬಿಳುಪು", "ಫೇರ್‌ನೆಸ್" ಎಂದು ಬರೆದಿದ್ದರೆ ಅದನ್ನು ಬದಿಗಿಡಿ. ಬಿಸಿಲಿನಿಂದ ಹೊಸದಾಗಿ ಕಪ್ಪಾದದ್ದು ತಿಳಿಯಾಗಿ, ನಿಮ್ಮ ಹುಟ್ಟುಬಣ್ಣ ಎಲ್ಲೆಡೆ ಒಂದೇ ಸಮನಾಗಿ ಕಾಣುವುದಷ್ಟೇ ಇದರ ಕೆಲಸ.

ಲೇಬಲ್ ಓದಲು ಬೇಕಾದ ಪದಗಳು

ಯುವಿಬಿ: ಬಿಸಿಲಿನಲ್ಲಿ ಚರ್ಮವನ್ನು ಸುಡುವ ಕಿರಣ. ಯುವಿ ಎಂದರೆ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಕಿಟಕಿ ಗಾಜು ಇದನ್ನು ತಡೆಯುತ್ತದೆ.

ಯುವಿಎ: ಚರ್ಮದೊಳಗೆ ಇನ್ನೂ ಆಳಕ್ಕೆ ಇಳಿದು ಕಪ್ಪು ಮಾಡುವ, ಸುಕ್ಕು ತರುವ ಕಿರಣ. ಸಾಮಾನ್ಯ ಗಾಜಿನ ಮೂಲಕ ಬಹುಪಾಲು ಒಳಗೆ ಬರುತ್ತದೆ.

ಕಾಣುವ ಬೆಳಕು: ಕಣ್ಣಿಗೆ ಕಾಣುವ ಸಾಧಾರಣ ಬಿಸಿಲ ಬೆಳಕು. ಅದರ ನೀಲಿ–ನೇರಳೆ ಭಾಗ ಕಂದು ಮತ್ತು ಕಪ್ಪು ಚರ್ಮವನ್ನು ಕಪ್ಪಾಗಿಸುತ್ತದೆ. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಾಢ ಚರ್ಮದವರಲ್ಲಿ ಈ ಬೆಳಕು ತಂದ ಕಪ್ಪು ಬಹಳ ದಿನ ಉಳಿಯಿತು. ಅದೇ ಬೆಳಕು ಬಿಳಿ ಚರ್ಮದವರಲ್ಲಿ ಏನೂ ಮಾಡಲಿಲ್ಲ. ಮಾಮೂಲಿ ಸನ್‌ಸ್ಕ್ರೀನ್ ಇದನ್ನು ತಡೆಯುವುದಿಲ್ಲ. ದಿನಾ ಹಚ್ಚಿದರೂ ಭಂಗು ಜಗ್ಗದಿರುವುದಕ್ಕೆ ಒಂದು ದೊಡ್ಡ ಕಾರಣ ಇದೇ.

ಎಸ್‌ಪಿಎಫ್: ಸುಡುವ ಕಿರಣದ ವಿರುದ್ಧದ ಅಂಕಿ. 30 ಎಂದರೆ ಆ ಕಿರಣದ ಸುಮಾರು 97 ಶೇಕಡಾ, 50 ಎಂದರೆ ಸುಮಾರು 98 ಶೇಕಡಾ ತಡೆಯುತ್ತದೆ. ಯುವಿಎ ಬಗ್ಗೆ ಈ ಅಂಕಿ ಏನನ್ನೂ ನೇರವಾಗಿ ಹೇಳುವುದಿಲ್ಲ.

ಪಿಎ: ಯುವಿಎ ವಿರುದ್ಧದ ರಕ್ಷಣೆಯನ್ನು ಪ್ಲಸ್ ಗುರುತುಗಳಲ್ಲಿ ಹೇಳುವ ಪದ್ಧತಿ. ಜಪಾನಿನಲ್ಲಿ 1996ರಲ್ಲಿ ಶುರುವಾಯಿತು; ನಾಲ್ಕನೆಯ ಪ್ಲಸ್ 2013ರಲ್ಲಿ ಸೇರಿತು. ನಾಲ್ಕು ಪ್ಲಸ್ ಅತಿ ಹೆಚ್ಚು.

ಹಂತ 1: ನಿಮಗೆ ಯಾತಕ್ಕೆ ಬೇಕು ಎಂದು ನಿರ್ಧರಿಸಿ

ಅಂಗಡಿಗೆ ಹೋಗುವ ಮೊದಲು ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ಮುಖ ನೋಡಿಕೊಳ್ಳಿ. ಕಲೆಯೇ ಇಲ್ಲ, ಹಗಲಿನ ಹೆಚ್ಚು ಹೊತ್ತು ಒಳಗೇ ಇರುತ್ತೀರಿ ಎಂದಾದರೆ ಬಣ್ಣವಿಲ್ಲದ ಒಳ್ಳೆಯ ಸನ್‌ಸ್ಕ್ರೀನ್ ಸಾಕು. ಮೊಡವೆ ಕಲೆ ಇದ್ದರೆ ಯುವಿಎ ರಕ್ಷಣೆ ಗಟ್ಟಿಯಾಗಿರಬೇಕು, ಟಿಂಟ್ ಅಂದರೆ ಚರ್ಮದ ಬಣ್ಣ ಬೆರೆಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಭಂಗು ಇದ್ದರೆ, ಗರ್ಭಿಣಿಯಾಗಿದ್ದು ಭಂಗು ಬರಲು ಶುರುವಾಗಿದ್ದರೆ, ಅಥವಾ ಲೇಸರ್, ಪೀಲ್ (ದ್ರಾವಣ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವ ಚಿಕಿತ್ಸೆ) ಮಾಡಿಸಿಕೊಂಡಿದ್ದರೆ ಟಿಂಟ್ ಇರುವುದನ್ನೇ ತೆಗೆದುಕೊಳ್ಳಿ.

ನೀವು ತೆಗೆದುಕೊಳ್ಳುವ ಔಷಧಿಗಳನ್ನೂ ಒಮ್ಮೆ ನೆನಪಿಸಿಕೊಳ್ಳಿ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್ ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮ ಮಾಡುತ್ತವೆ. ಮೊಡವೆ, ಕಲೆಗೆ ಹಚ್ಚುವ ರೆಟಿನಾಯ್ಡ್, ಗ್ಲೈಕಾಲಿಕ್ ಆ್ಯಸಿಡ್ ಕೂಡ ಹಾಗೆಯೇ. ಇವನ್ನು ಬಳಸುತ್ತಾ ಸನ್‌ಸ್ಕ್ರೀನ್ ಬಿಟ್ಟರೆ ಕಲೆ ಹೋಗುವ ಬದಲು ಹೊಸದು ಬರುತ್ತದೆ.

ಹಂತ 2: ಟ್ಯೂಬಿನ ಮುಂಭಾಗ ಓದಿ

ಎಸ್‌ಪಿಎಫ್ 30 ಕನಿಷ್ಠ. ಕಲೆ ಇರುವವರು 50ಕ್ಕೆ ಹೋಗಿ. 97 ಮತ್ತು 98ರ ನಡುವೆ ಏನು ಮಹಾ ವ್ಯತ್ಯಾಸ ಎನ್ನಬಹುದು. ಪ್ರಯೋಗಾಲಯದಲ್ಲಿ ಈ ಅಂಕಿ ಸಿಗುವುದು ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿದಾಗ. ಮನೆಯಲ್ಲಿ ಹೆಚ್ಚಿನವರು ಹಚ್ಚುವುದು ಅದರ ಕಾಲು ಭಾಗದಿಂದ ಅರ್ಧದಷ್ಟು ಮಾತ್ರ. ಕಡಿಮೆ ಹಚ್ಚಿದಾಗ 50 ಇದ್ದದ್ದು 50 ಆಗಿ ಉಳಿಯುವುದಿಲ್ಲ, ತೀರಾ ಕೆಳಗಿಳಿಯುತ್ತದೆ. ದೊಡ್ಡ ಅಂಕಿಯಿಂದ ಶುರು ಮಾಡಿದರೆ ಆ ಕೊರತೆಯಲ್ಲಿ ಸ್ವಲ್ಪ ತುಂಬಿಕೊಳ್ಳುತ್ತದೆ.

ಯುವಿಎಗೆ ಮೂರು ಬಗೆಯ ಗುರುತು ಕಾಣಬಹುದು: ಮೂರು ಅಥವಾ ನಾಲ್ಕು ಪ್ಲಸ್ ಇರುವ ಪಿಎ, ವೃತ್ತದೊಳಗೆ ಬರೆದ ಯುವಿಎ ಅಕ್ಷರಗಳು, "ಬ್ರಾಡ್ ಸ್ಪೆಕ್ಟ್ರಮ್" ಅಂದರೆ ಯುವಿಎ, ಯುವಿಬಿ ಎರಡನ್ನೂ ತಡೆಯುತ್ತದೆ ಎಂಬ ಮಾತು. ವೃತ್ತದ ಗುರುತು ಯುರೋಪಿನದು. ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗಕ್ಕಾದರೂ ಇದೆ ಎಂದು ಅದರ ಅರ್ಥ. ನಮಗೆ ಹೆಚ್ಚು ಭರವಸೆ ಕೊಡುವವು ಮೊದಲಿನ ಎರಡು. ಬರೀ ಎಸ್‌ಪಿಎಫ್ ಅಂಕಿ ದೊಡ್ಡದಾಗಿದ್ದು ಯುವಿಎ ಬಗ್ಗೆ ಒಂದು ಗುರುತೂ ಇಲ್ಲದಿದ್ದರೆ ಆ ಟ್ಯೂಬ್ ಕಂದು ಚರ್ಮಕ್ಕೆ ಉಪಯೋಗವಿಲ್ಲ.

ಹಂತ 3: ಹಿಂಭಾಗ ತಿರುಗಿಸಿ, ಬೂದು ಬಣ್ಣ ಎಲ್ಲಿಂದ ಬರುತ್ತದೆ ನೋಡಿ

ಮುಖ ಬೂದು ಬಡಿದಂತೆ ಕಾಣಲು ಕಾರಣ ಎರಡು ಖನಿಜ ಪುಡಿಗಳು: ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಿಳಿ ಪೇಂಟಿಗೆ ಬಿಳುಪು ಕೊಡುವುದೂ ಇದೇ ಟೈಟಾನಿಯಂ ಡೈಆಕ್ಸೈಡ್. ಇವುಗಳ ಕಣಗಳು ಬೆಳಕನ್ನು ಚದುರಿಸುತ್ತವೆ. ಬಿಳಿ ಚರ್ಮದ ಮೇಲೆ ಅದು ಗೊತ್ತಾಗುವುದಿಲ್ಲ, ಕಂದು ಚರ್ಮದ ಮೇಲೆ ಬೂದಿಯಾಗಿ, ತೀರಾ ಕಪ್ಪು ಚರ್ಮದ ಮೇಲೆ ನೇರಳೆ ಛಾಯೆಯಾಗಿ ಎದ್ದು ಕಾಣುತ್ತದೆ. ಎರಡರಲ್ಲಿ ಹೆಚ್ಚು ಬೆಳ್ಳಗೆ ಕಾಣುವುದು ಟೈಟಾನಿಯಂ. ಕಣ ಅತಿ ಸಣ್ಣದಾಗಿದ್ದರೆ, ಅಂದರೆ ನ್ಯಾನೋ ಆಗಿದ್ದರೆ, ಬಿಳುಪು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಈ ಖನಿಜಗಳನ್ನು ಬಿಟ್ಟು ಉಳಿದ ಫಿಲ್ಟರ್‌ಗಳಿಗೆ, ಅಂದರೆ ಕಿರಣ ತಡೆಯುವ ವಸ್ತುಗಳಿಗೆ, ಅಂಗಡಿ ಭಾಷೆಯಲ್ಲಿ "ಕೆಮಿಕಲ್" ಎಂಬ ಹೆಸರು. ಆ ಹೆಸರು ಕೇಳಿ ಹೆದರಬೇಡಿ. ಝಿಂಕ್ ಆಕ್ಸೈಡೂ ರಾಸಾಯನಿಕವೇ. ಖನಿಜ ಫಿಲ್ಟರ್ ಕಿರಣವನ್ನು ಕನ್ನಡಿಯ ಹಾಗೆ ಪ್ರತಿಫಲಿಸುತ್ತದೆ, ಕೆಮಿಕಲ್ ಹೀರುತ್ತದೆ ಎಂಬ ಮಾತೂ ಸರಿಯಲ್ಲ. ಎರಡೂ ಯುವಿ ಕಿರಣವನ್ನು ಮುಖ್ಯವಾಗಿ ಹೀರಿಯೇ ತಡೆಯುವುದು. ಕಪ್ಪು ಚರ್ಮದವರಿಗೆ ಈ ಫಿಲ್ಟರ್‌ಗಳ ದೊಡ್ಡ ಲಾಭವೆಂದರೆ ಬಹುತೇಕವು ಚರ್ಮದ ಮೇಲೆ ಬಣ್ಣವೇ ಇಲ್ಲದಂತೆ ಕೂರುತ್ತವೆ.

ಪಟ್ಟಿಯಲ್ಲಿ ಹುಡುಕಬೇಕಾದ ಹೆಸರುಗಳು: ಬೆಮೊಟ್ರಿಜಿನಾಲ್, ಇದನ್ನು ಟಿನೋಸಾರ್ಬ್ ಎಸ್ ಎಂದೂ ಬರೆಯುತ್ತಾರೆ, ಯುವಿನಲ್ ಎ ಪ್ಲಸ್, ಅವೊಬೆಂಜೋನ್. ಮೂರೂ ಯುವಿಎ ತಡೆಯುವಂಥವು. ಅವೊಬೆಂಜೋನ್ ಒಂದೇ ಇದ್ದರೆ ಬಿಸಿಲಿಗೆ ಬೇಗ ಒಡೆಯುತ್ತದೆ. ಜೊತೆಗೆ ಆಕ್ಟೊಕ್ರಿಲೀನ್ ಅಥವಾ ಬೆಮೊಟ್ರಿಜಿನಾಲ್ ಇದ್ದರೆ ತಡೆದುಕೊಳ್ಳುತ್ತದೆ. ಆಕ್ಟಿನಾಕ್ಸೇಟ್ ಜೊತೆ ಸೇರಿದರೆ ಇನ್ನೂ ಬೇಗ ಕೆಡುತ್ತದೆ. ಟಿನೋಸಾರ್ಬ್ ಎಂ ಒಳ್ಳೆಯ ಫಿಲ್ಟರೇ, ಆದರೆ ಅದೂ ಕಣರೂಪದ್ದು, ಸ್ವಲ್ಪ ಬಿಳುಪು ಬಿಡುತ್ತದೆ.

ಚರ್ಮ ತೀರಾ ಸೂಕ್ಷ್ಮವಾಗಿದ್ದು ಖನಿಜವೇ ಬೇಕು ಎನ್ನುವವರಿಗೆ ದಾರಿ ಮುಚ್ಚಿಲ್ಲ. ಅವರು ಟಿಂಟ್ ಇರುವ ಖನಿಜ ಸನ್‌ಸ್ಕ್ರೀನ್ ತೆಗೆದುಕೊಳ್ಳಬೇಕು.

ಹಂತ 4: ಟಿಂಟ್ ಅರ್ಥ ಮಾಡಿಕೊಂಡು ಆರಿಸಿ

ಈ ಹಂತಕ್ಕೆ ಸಮಯ ಕೊಡಿ, ಭಂಗು ಇರುವವರಿಗೆ ಇಡೀ ಲೇಖನದಲ್ಲಿ ಇದೇ ಮುಖ್ಯ.

ಕಾಣುವ ಬೆಳಕನ್ನು ತಡೆಯಬೇಕೆಂದರೆ ತಡೆಯುವ ವಸ್ತುವೂ ಕಣ್ಣಿಗೆ ಕಾಣಲೇಬೇಕು. ಪೂರ್ತಿ ಪಾರದರ್ಶಕವಾದ ಜೆಲ್ ಯಾವತ್ತೂ ಆ ಕೆಲಸ ಮಾಡಲಾರದು, ಏಕೆಂದರೆ ಬೆಳಕು ಹಾದುಹೋಗುವುದರಿಂದಲೇ ಅದು ಪಾರದರ್ಶಕ. ಕೆಲಸ ಮಾಡುವುದು ಐರನ್ ಆಕ್ಸೈಡ್. ಕೆಂಪು, ಹಳದಿ, ಕಪ್ಪು ಎಂದು ಮೂರು ಬಣ್ಣಗಳಲ್ಲಿ ಬರುವ, ಕಬ್ಬಿಣ ಮತ್ತು ಆಮ್ಲಜನಕ ಕೂಡಿದ ಪುಡಿ ಅದು. ಮೂರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಚರ್ಮದ ಬಣ್ಣ ತರುತ್ತಾರೆ. ಭಂಗು ಇರುವವರಲ್ಲಿ ನಡೆದ ಹೋಲಿಕೆಗಳಲ್ಲಿ, ಬರೀ ಯುವಿ ತಡೆಯುವ ಸನ್‌ಸ್ಕ್ರೀನಿಗಿಂತ ಐರನ್ ಆಕ್ಸೈಡ್ ಸೇರಿದ್ದೇ ಮೇಲುಗೈ ಪಡೆದಿದೆ.

ಪಟ್ಟಿಯಲ್ಲಿ ಇದು "ಐರನ್ ಆಕ್ಸೈಡ್ಸ್" ಎಂದೋ, ಸಿಐ 77491, ಸಿಐ 77492, ಸಿಐ 77499 ಎಂಬ ಸಂಖ್ಯೆಗಳಾಗಿಯೋ ಇರುತ್ತದೆ. ಮೊದಲನೆಯದು ಕೆಂಪು, ಎರಡನೆಯದು ಹಳದಿ, ಮೂರನೆಯದು ಕಪ್ಪು. ಸಿಐ 77891 ಕಂಡರೆ ಅದು ಟೈಟಾನಿಯಂ, ಬಿಳುಪಿನದು, ಗೊಂದಲ ಮಾಡಿಕೊಳ್ಳಬೇಡಿ. ಎಷ್ಟು ಶೇಕಡಾ ಇದೆ ಎಂದು ಹೆಚ್ಚಿನ ಟ್ಯೂಬುಗಳು ಹೇಳುವುದಿಲ್ಲ. ಹಾಗಾಗಿ ಕಣ್ಣಳತೆಯೇ ಗತಿ: ಬೆರಳಿಗೆ ಹಿಂಡಿದಾಗ ಗಾಢ ಕಂದು ಬಣ್ಣ ಕಾಣಬೇಕು. ಕೆನೆಯ ಮೇಲೆ ಎರಡು ಹನಿ ಕಾಫಿ ಬಿದ್ದ ಹಾಗೆ ತಿಳಿಯಾಗಿದ್ದರೆ ಅದರಲ್ಲಿರುವುದು ಹೆಸರಿಗೆ ಮಾತ್ರ ಐರನ್ ಆಕ್ಸೈಡ್.

"ಎಲ್ಲ ಬಣ್ಣಕ್ಕೂ ಒಂದೇ ಟಿಂಟ್" ಎಂದು ಮಾರುವುದು ಬಹುತೇಕ ತಿಳಿಗಂದು ಚರ್ಮಕ್ಕೆ ಹೊಂದುವಂಥದ್ದು. ನಿಮ್ಮ ಬಣ್ಣ ಅದಕ್ಕಿಂತ ಗಾಢವಾಗಿದ್ದರೆ ಕಿತ್ತಳೆ ಛಾಯೆ ಬಂದು ಮುಖ ಕುತ್ತಿಗೆಗಿಂತ ಬೇರೆಯಾಗುತ್ತದೆ. ಎರಡು, ಮೂರು ಶೇಡ್ ಇರುವ ಉತ್ಪನ್ನವನ್ನೇ ಹುಡುಕಿ, ಶೇಡ್ ಅಂದರೆ ಬಣ್ಣದ ಮಟ್ಟ. ಹೊಂದುವ ಶೇಡ್ ಸಿಗಲೇ ಇಲ್ಲವೇ? ಬಣ್ಣವಿಲ್ಲದ ಸನ್‌ಸ್ಕ್ರೀನನ್ನು ಪೂರ್ತಿ ಪ್ರಮಾಣದಲ್ಲಿ ಹಚ್ಚಿ, ಅದು ಕೂತ ಮೇಲೆ ನಿಮ್ಮ ಬಣ್ಣಕ್ಕೆ ಹೊಂದುವ ಫೌಂಡೇಶನ್ ಹಚ್ಚಿ. ಫೌಂಡೇಶನ್ನಿನ ಬಣ್ಣವೂ ಇದೇ ಐರನ್ ಆಕ್ಸೈಡ್‌ನಿಂದ ಬರುವುದು. ಆದರೆ ಎರಡನ್ನೂ ಅಂಗೈಯಲ್ಲಿ ಕಲಸಿ ಹಚ್ಚಬೇಡಿ. ಕಲಸಿದರೆ ಸನ್‌ಸ್ಕ್ರೀನಿನ ಪದರ ಒಡೆಯುತ್ತದೆ, ರಕ್ಷಣೆ ಎಷ್ಟು ಉಳಿಯಿತು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಹಂತ 5: ಕೊಳ್ಳುವ ಮೊದಲು ಪರೀಕ್ಷೆ

ಮುಂಗೈ ಮೇಲೆ ಹಚ್ಚಿ ನೋಡುವುದು ಎಲ್ಲರ ಅಭ್ಯಾಸ, ಆದರೆ ಮುಂಗೈ ಬಣ್ಣವೇ ಬೇರೆ, ಮುಖದ ಬಣ್ಣವೇ ಬೇರೆ. ಪರೀಕ್ಷೆಗೆ ಸರಿಯಾದ ಜಾಗ ದವಡೆಯ ಅಂಚು. ಅಲ್ಲಿ ಮುಖದ ಬಣ್ಣ, ಕುತ್ತಿಗೆಯ ಬಣ್ಣ ಎರಡೂ ಪಕ್ಕಪಕ್ಕದಲ್ಲಿ ಸಿಗುತ್ತವೆ.

ಬಟಾಣಿ ಕಾಳಿನಷ್ಟು ತೆಗೆದುಕೊಂಡು ಎರಡು ಬೆರಳಗಲದ ಜಾಗಕ್ಕೆ ಮಾತ್ರ ಹಚ್ಚಿ. ತೆಳ್ಳಗೆ ಸವರಿದರೆ ಯಾವ ಸನ್‌ಸ್ಕ್ರೀನೂ ಚೆನ್ನಾಗಿಯೇ ಕಾಣುತ್ತದೆ. ಅಂಗಡಿಯಲ್ಲಿ ಒಪ್ಪಿದ್ದು ಮನೆಯಲ್ಲಿ ಬೂದು ಬಡಿಯುವುದು ಹೀಗೇ. ಹಚ್ಚಿ ಹತ್ತು ನಿಮಿಷ ಕಾಯಿರಿ. ಹಚ್ಚಿದ ಕ್ಷಣದಲ್ಲಿ ಬೆಳ್ಳಗೆ ಕಂಡು ಒಣಗಿದ ಮೇಲೆ ಮಾಯವಾಗುವುದುಂಟು. ಮೊದಲು ಚೆನ್ನಾಗಿದ್ದು ಆಮೇಲೆ ಬೂದಿ ಏಳುವುದೂ ಉಂಟು. ಟಿಂಟ್ ಇದ್ದರೆ ಗಾಳಿಗೆ ಒಂದು ಮಟ್ಟ ಗಾಢವಾಗುವುದನ್ನೂ ನೋಡಬಹುದು. ಟ್ಯೂಬ್‌ಲೈಟ್ ಕೆಳಗಿನ ತೀರ್ಪು ನಂಬಬೇಡಿ, ಬಾಗಿಲ ಬಳಿಗೆ ಬಂದು ಹಗಲು ಬೆಳಕಿನಲ್ಲಿ ನೋಡಿ. ಕೊನೆಗೆ ಫೋನಿನ ಫ್ಲಾಶ್ ಹಾಕಿ ಒಂದು ಚಿತ್ರ ತೆಗೆಯಿರಿ. ಕನ್ನಡಿ ಮುಚ್ಚಿಟ್ಟ ಬಿಳುಪನ್ನು ಫ್ಲಾಶ್ ತೋರಿಸಿಕೊಡುತ್ತದೆ.

ಅಲರ್ಜಿ ಪರೀಕ್ಷೆ ಬೇರೆ. ಮೊಣಕೈಯ ಒಳಮಡಿಕೆ ಹತ್ತಿರ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ ನೋಡಿ. ತುರಿಕೆ, ಗುಳ್ಳೆ ಬಂದರೆ ಮುಖಕ್ಕೆ ತರಬೇಡಿ. ಕಪ್ಪು ಚರ್ಮದಲ್ಲಿ ಅಲರ್ಜಿಯೂ ಕಲೆ ಬಿಟ್ಟೇ ಹೋಗುತ್ತದೆ, ಆದ್ದರಿಂದ ಈ ಒಂದು ವಾರ ದಂಡವಲ್ಲ.

ಹಂತ 6: ಅಳತೆ ನೋಡಿ ಹಚ್ಚಿ

ಬೇಕಾದದ್ದು: ತೊಳೆದ ಮುಖ, ತೆಳುವಾದ ಮಾಯಿಶ್ಚರೈಸರ್, ಕನ್ನಡಿ, ಹತ್ತು ನಿಮಿಷ. ಎಣ್ಣೆ ಚರ್ಮದವರಿಗೆ ಮಾಯಿಶ್ಚರೈಸರ್ ಬೇಡವೆನಿಸಿದರೆ ಬಿಡಬಹುದು. ಒಣ ಚರ್ಮದವರು ಬಿಡಬಾರದು: ಒಣಗಿ ಎದ್ದ ಹೊಪ್ಪಳೆಗಳಿಗೆ ಸನ್‌ಸ್ಕ್ರೀನ್ ಅಂಟಿಕೊಂಡು ಬಿಳಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ.

ಮಾಯಿಶ್ಚರೈಸರ್ ಹಚ್ಚಿ ಐದು ನಿಮಿಷ ಬಿಡಿ. ಆಮೇಲೆ ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಪಟ್ಟಿ ಹಿಂಡಿ. ಮುಖ, ಕಿವಿ, ಕುತ್ತಿಗೆ ಸೇರಿ ಬೇಕಾಗುವುದು ಇಷ್ಟು. ನೀರಿನಂಥ ತೆಳು ಲೋಷನ್ ಆದರೆ ಬೆರಳಿನ ಮೇಲೆ ನಿಲ್ಲುವುದಿಲ್ಲ. ಅರ್ಧ ಟೀ ಚಮಚಕ್ಕೆ ಕಡಿಮೆಯಾಗದಂತೆ ಅಂಗೈಗೆ ಸುರಿದುಕೊಳ್ಳಿ.

ಒಟ್ಟಿಗೇ ಎರಡೂ ಪಟ್ಟಿ ಮುಖಕ್ಕೆ ಮೆತ್ತಿದರೆ ಅದು ಜಾರುತ್ತದೆ, ಉಂಡೆ ಕಟ್ಟುತ್ತದೆ, ಬೆಳ್ಳಗೂ ಕಾಣುತ್ತದೆ. ಒಂದು ಬೆರಳಿನದ್ದನ್ನು ಮೊದಲು ಹಚ್ಚಿ. ಹಣೆಗೆ ಮೂರು ಚುಕ್ಕೆ, ಕೆನ್ನೆಗೆ ಮೂರು ಮೂರು, ಮೂಗಿಗೆ ಒಂದು, ಮೇಲ್ತುಟಿಯ ಮೇಲೆ ಒಂದು, ಗಲ್ಲಕ್ಕೆ ಒಂದು, ಕುತ್ತಿಗೆಗೆ ನಾಲ್ಕು. ಒಂದೊಂದು ಭಾಗವನ್ನು ಹರಡಿ ಮುಗಿಸಿ ಮುಂದಕ್ಕೆ ಹೋಗಿ. ಎಲ್ಲ ಕಡೆ ಚುಕ್ಕೆ ಇಟ್ಟು ನಿಧಾನ ಮಾಡಿದರೆ ಕೊನೆಯ ಚುಕ್ಕೆಗಳು ಒಣಗಿ ಗುರುತು ಉಳಿಯುತ್ತವೆ. ಎರಡು ಮೂರು ನಿಮಿಷ ಬಿಟ್ಟು ಎರಡನೆಯ ಬೆರಳಿನದ್ದು. ಈ ಸಲ ಉಜ್ಜಬೇಡಿ, ಬೆರಳ ಮೆತ್ತನೆ ಭಾಗದಿಂದ ಒತ್ತಿ ಒತ್ತಿ ಕೂರಿಸಿ.

ಬಿಳುಪು ಅಡಗಿ ಕೂರುವ ಜಾಗಗಳು ಇವು: ಕೂದಲ ಅಂಚು, ಹುಬ್ಬು, ಮೂಗಿನ ಹೊಳ್ಳೆಯ ಮಡಿಕೆ, ಗಡ್ಡ. ಹುಬ್ಬು ಮತ್ತು ಕೂದಲ ಅಂಚನ್ನು ಒದ್ದೆ ಬೆರಳಿನಿಂದ ಒಮ್ಮೆ ಸವರಿ. ಗಡ್ಡ ಇರುವವರು ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ಬೆರಳ ತುದಿಯಿಂದ ಚರ್ಮಕ್ಕೆ ತಲುಪಿಸಿ, ಆಮೇಲೆ ಕೂದಲನ್ನು ಒದ್ದೆ ಬಟ್ಟೆಯಿಂದ ಮೇಲ್ಮೇಲೆ ಒರೆಸಿ. ಗಡ್ಡಕ್ಕೆ ಖನಿಜ ಸನ್‌ಸ್ಕ್ರೀನ್ ಬೇಡ, ಜೆಲ್ ಅಥವಾ ತೆಳು ಲೋಷನ್ ಸರಿ.

ಬಿಟ್ಟುಹೋಗುವ ಜಾಗಗಳು: ಕಿವಿಯ ಹಿಂದೆ, ಕತ್ತಿನ ಹಿಂಭಾಗ, ಮುಂಗೈ, ಪಾದದ ಮೇಲ್ಭಾಗ, ಬೈತಲೆ, ತುಟಿ. ತುಟಿಗೆ ಎಸ್‌ಪಿಎಫ್ ಇರುವ ಬಾಮ್ ಬೇರೆಯೇ ಬೇಕು. ಕಣ್ಣುರಿ ಬರುವವರು ಕಣ್ಣಿನ ಸುತ್ತ ಮಾತ್ರ ಟಿಂಟ್ ಇರುವ ಖನಿಜ ಸ್ಟಿಕ್ ಬಳಸಿ, ಅದು ಬೆವರಿಗೆ ಹರಿದು ಕಣ್ಣಿಗೆ ಇಳಿಯುವುದು ಕಡಿಮೆ.

ಮೈಗೆ ಹಚ್ಚುವಾಗಲೂ ಎರಡು ಬೆರಳ ಲೆಕ್ಕವೇ. ದೇಹವನ್ನು ಹನ್ನೊಂದು ಭಾಗ ಮಾಡಿಕೊಳ್ಳಿ: ತಲೆ–ಮುಖ–ಕುತ್ತಿಗೆ ಒಂದು, ಎರಡು ತೋಳುಗಳು ಎರಡು, ಎದೆ, ಹೊಟ್ಟೆ, ಬೆನ್ನಿನ ಮೇಲ್ಭಾಗ, ಕೆಳಭಾಗ, ಎರಡು ತೊಡೆ, ಮೊಣಕಾಲಿಂದ ಕೆಳಗೆ ಪಾದ ಸೇರಿ ಎರಡು. ಬಟ್ಟೆ ಮುಚ್ಚದ ಪ್ರತಿ ಭಾಗಕ್ಕೂ ಎರಡು ಬೆರಳು. ಇಡೀ ಮೈಗೆ ಸುಮಾರು 30 ಮಿಲಿ ಆಗುತ್ತದೆ. ದುಬಾರಿ ಎನಿಸಿದರೆ ಉದ್ದ ತೋಳಿನ ಬಟ್ಟೆ ತೊಡಿ. ಒತ್ತಾಗಿ ನೇಯ್ದ ಬಟ್ಟೆಯಷ್ಟು ನಂಬಿಕೆಯ ಸನ್‌ಸ್ಕ್ರೀನ್ ಇನ್ನೊಂದಿಲ್ಲ.

ಸಾಕಷ್ಟು ಹಚ್ಚುತ್ತಿದ್ದೀರಾ ಎಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ. ದಿನಕ್ಕೆ ಒಮ್ಮೆ ಮುಖ, ಕುತ್ತಿಗೆಗೆ ಮಾತ್ರ ಹಚ್ಚಿದರೂ 50 ಮಿಲಿ ಟ್ಯೂಬ್ ಮೂರು ವಾರದ ಆಸುಪಾಸಿಗೆ ಖಾಲಿಯಾಗಬೇಕು. ನಿಮ್ಮದು ಮೂರು ತಿಂಗಳು ಬರುತ್ತಿದೆಯೇ? ಹಾಗಾದರೆ ಟ್ಯೂಬಿನ ಮೇಲಿನ ಅಂಕಿಗೂ ನಿಮ್ಮ ಮುಖಕ್ಕೂ ಸಂಬಂಧವಿಲ್ಲ. ಬೆಲೆಯ ಸನ್‌ಸ್ಕ್ರೀನನ್ನು ಜಿಪುಣತನದಿಂದ ಹಚ್ಚುವುದಕ್ಕಿಂತ ಸಾಧಾರಣ ಬೆಲೆಯದ್ದನ್ನು ಕೈಬಿಚ್ಚಿ ಹಚ್ಚುವುದು ಎಷ್ಟೋ ಮೇಲು.

ಹಚ್ಚಿ 15–20 ನಿಮಿಷ ಆದ ಮೇಲೆ ಹೊರಗೆ ಹೋಗಿ. ಪದರ ಕೂತು ಒಣಗಲು ಅಷ್ಟು ಹೊತ್ತು ಬೇಕು.

ಹಂತ 7: ಮತ್ತೆ ಹಚ್ಚುವುದು

ಹೊರಗೆ ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ. ಈಜಿದ ಮೇಲೆ, ಚೆನ್ನಾಗಿ ಬೆವರಿದ ಮೇಲೆ, ಟವೆಲ್ಲಿನಿಂದ ಒರೆಸಿಕೊಂಡ ಮೇಲೆ ಗಡಿಯಾರ ನೋಡದೆ ಕೂಡಲೇ. "ವಾಟರ್ ರೆಸಿಸ್ಟೆಂಟ್" ಎಂದಿದ್ದರೆ ಪಕ್ಕದಲ್ಲಿ 40 ಅಥವಾ 80 ನಿಮಿಷ ಎಂದಿರುತ್ತದೆ, ನೀರಿನಲ್ಲಿ ಅದು ಅಷ್ಟು ಹೊತ್ತು ತಡೆಯುತ್ತದೆ ಎಂದರ್ಥ.

ಕಿಟಕಿಯಿಂದ ದೂರ ಕೂತು ದಿನವಿಡೀ ಒಳಗೇ ಕೆಲಸ ಮಾಡುವವರು ಎರಡು ಗಂಟೆಗೊಮ್ಮೆ ಹಚ್ಚಬೇಕಾಗಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಹೊರಗೆ ಹೋಗುವ ಮೊದಲು ಒಮ್ಮೆ ಸಾಕು. ಕಿಟಕಿ ಪಕ್ಕದ ಮೇಜು, ವಾಹನದ ಪಕ್ಕದ ಗಾಜು ಬೇರೆ ಮಾತು: ವಾಹನದ ಮುಂದಿನ ಗಾಜು ಎರಡು ಪದರದ್ದು, ಯುವಿಎ ಬಹುಪಾಲು ತಡೆಯುತ್ತದೆ, ಪಕ್ಕದ ಗಾಜುಗಳು ಅಷ್ಟು ತಡೆಯುವುದಿಲ್ಲ. ಒಂದೇ ಬದಿಯ ಕೆನ್ನೆ ಹೆಚ್ಚು ಕಪ್ಪಾಗಿದ್ದರೆ ನೀವು ಯಾವ ಬದಿಗೆ ಕೂರುತ್ತೀರಿ ನೆನಪಿಸಿಕೊಳ್ಳಿ. ಫೋನ್, ಕಂಪ್ಯೂಟರ್ ಪರದೆಯ ಬೆಳಕಿಗೆ ಹೆದರಬೇಕಿಲ್ಲ, ಬಿಸಿಲಿನ ಮುಂದೆ ಅದು ಏನೂ ಅಲ್ಲ.

ಮತ್ತೆ ಹಚ್ಚುವ ಕ್ರಮ: ಬೆವರು, ಜಿಡ್ಡನ್ನು ಟಿಶ್ಯೂ ಒತ್ತಿ ತೆಗೆಯಿರಿ, ಉಜ್ಜಬೇಡಿ. ಆಮೇಲೆ ತೆಳುವಾಗಿ ಒಂದು ಬೆರಳಿನಷ್ಟು ಒತ್ತಿ ಹಚ್ಚಿ, ಒಂದು ನಿಮಿಷ ಬಿಟ್ಟು ಇನ್ನೊಂದು ಬೆರಳು. ಮೇಕಪ್ ಇದ್ದರೆ ಸ್ಟಿಕ್ ಅನುಕೂಲ. ಒಂದೊಂದು ಜಾಗದ ಮೇಲೂ ನಾಲ್ಕು ಸಲ ಹಿಂದಕ್ಕೆ ಮುಂದಕ್ಕೆ ಎಳೆದು, ಬೆರಳಿನಿಂದ ತಟ್ಟಿ. ಪೌಡರ್ ಸನ್‌ಸ್ಕ್ರೀನ್ ಮೇಲೆ ಭಾರ ಹಾಕಬೇಡಿ, ಬೇಕಾದಷ್ಟು ಪ್ರಮಾಣ ಅದರಿಂದ ಮುಖದ ಮೇಲೆ ಕೂರುವುದೇ ಇಲ್ಲ. ಸ್ಪ್ರೇಯನ್ನು ಮುಖಕ್ಕೆ ನೇರವಾಗಿ ಹೊಡೆಯಬಾರದು. ಅಂಗೈಗೆ ಹೊಡೆದುಕೊಂಡು ಹಚ್ಚಿ, ಬೆಂಕಿಯ ಹತ್ತಿರ ಬಳಸಬೇಡಿ.

ಮೋಡವಿದ್ದರೆ? ತೆಳು ಮೋಡದ ಮೂಲಕ ಯುವಿಯ 80 ಶೇಕಡಾದವರೆಗೂ ಕೆಳಗೆ ಬರಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹವಾಮಾನದ ಆ್ಯಪ್‌ನಲ್ಲಿ ಯುವಿ ಸೂಚ್ಯಂಕ ಎಂಬ ಅಂಕಿ ಇರುತ್ತದೆ. ಅದು 3 ಅಥವಾ ಹೆಚ್ಚಿದ್ದರೆ ರಕ್ಷಣೆ ಬೇಕು. ಆ್ಯಪ್ ಇಲ್ಲದಿದ್ದರೆ ನೆರಳು ನೋಡಿ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಕಡುವಾಗಿದೆ.

ಹಂತ 8: ತೆಗೆಯುವುದು, ಇಟ್ಟುಕೊಳ್ಳುವುದು

ಟಿಂಟ್ ಇರುವುದು, ನೀರಿಗೆ ಜಗ್ಗದ್ದು ಬರೀ ಫೇಸ್‌ವಾಶ್‌ಗೆ ಹೋಗುವುದಿಲ್ಲ. ರಾತ್ರಿ ಒಣ ಮುಖಕ್ಕೆ ಕ್ಲೆನ್ಸಿಂಗ್ ಆಯಿಲ್ ಅಥವಾ ಬಾಮ್ ಹಚ್ಚಿ ಒಂದು ನಿಮಿಷ ಮೃದುವಾಗಿ ತಿಕ್ಕಿ, ನೀರು ಸೇರಿಸಿ ತೊಳೆದು, ಆಮೇಲೆ ಫೇಸ್‌ವಾಶ್. ಉಳಿದುಕೊಂಡರೆ ರಂಧ್ರ ಕಟ್ಟಿ ಮೊಡವೆ ಬರುತ್ತದೆ, ಮೊಡವೆಯಿಂದ ಮತ್ತೆ ಕಲೆ. ಸ್ಕ್ರಬ್ ಹಾಕಿ ಗಸಗಸ ಉಜ್ಜಬೇಡಿ, ಆ ಉಜ್ಜುವಿಕೆಯೇ ಚರ್ಮವನ್ನು ಕಪ್ಪಾಗಿಸುತ್ತದೆ.

ಟ್ಯೂಬನ್ನು ಬಿಸಿಲಲ್ಲಿ ನಿಂತ ವಾಹನದೊಳಗೆ ಬಿಡಬೇಡಿ. ಹಿಂಡಿದಾಗ ನೀರು ಬೇರೆ, ಕೆನೆ ಬೇರೆ ಬಂದರೆ ಅದು ಕೆಟ್ಟಿದೆ ಎಂದೇ ತಿಳಿಯಿರಿ. ಅಲ್ಲಾಡಿಸಿ ಬಳಸಿ ಎಂದು ಬರೆದಿರುವ ತೆಳು ಲೋಷನ್ ಮಾತ್ರ ಇದಕ್ಕೆ ಹೊರತು. ಮುಚ್ಚಳ ತೆರೆದ ಡಬ್ಬಿಯ ಚಿತ್ರದ ಮೇಲೆ 12ಎಂ ಎಂದಿದ್ದರೆ ತೆರೆದ ಮೇಲೆ 12 ತಿಂಗಳು ಬಳಸಬಹುದು. ಬಿಳಿ ಬಟ್ಟೆಯ ಕಾಲರಿನಲ್ಲಿ ತುಕ್ಕಿನ ಬಣ್ಣದ ಕಲೆ ಬೀಳುತ್ತಿದ್ದರೆ ಅದು ಅವೊಬೆಂಜೋನ್ ನೀರಿನಲ್ಲಿರುವ ಕಬ್ಬಿಣದ ಜೊತೆ ಸೇರಿದ್ದರಿಂದ. ಬ್ಲೀಚ್ ಹಾಕಿದರೆ ಇನ್ನೂ ಗಾಢವಾಗುತ್ತದೆ. ನಿಂಬೆರಸ ಅಥವಾ ತುಕ್ಕು ತೆಗೆಯುವ ದ್ರಾವಣದಿಂದ ತೊಳೆಯಿರಿ.

ಎಡವುವ ಜಾಗಗಳು

ಮುಖದ ಮೇಲೆ ರಬ್ಬರ್ ಪುಡಿಯಂತೆ ಉದುರುವುದು: ಕೆಳಗಿನ ಸೀರಮ್, ಮಾಯಿಶ್ಚರೈಸರ್ ಒಣಗುವ ಮೊದಲೇ ಹಚ್ಚಿದ್ದು, ಅಥವಾ ಪದರಗಳು ಅತಿಯಾದದ್ದು ಕಾರಣ. ಕೆಳಗಿನ ಪದರಗಳನ್ನು ಒಂದಕ್ಕೆ ಇಳಿಸಿ, ಉಜ್ಜದೆ ಒತ್ತಿ.

ಎರಡು ಸನ್‌ಸ್ಕ್ರೀನ್ ಕೂಡಿಸಿ ಲೆಕ್ಕ ಹಾಕುವುದು: 30ರ ಮೇಲೆ 20 ಹಚ್ಚಿದರೆ 50 ಆಗುವುದಿಲ್ಲ.

ಮನೆಯಲ್ಲೇ ಕಲಸುವುದು: ಕೊಬ್ಬರಿ ಎಣ್ಣೆ, ಅಲೋವೆರಾ, ಝಿಂಕ್ ಪುಡಿ ಕಲಸಿ ಮಾಡಿದ್ದು ಸನ್‌ಸ್ಕ್ರೀನ್ ಅಲ್ಲ. ಪುಡಿ ಸಮನಾಗಿ ಹರಡದೆ ಗುಂಪುಗೂಡುತ್ತದೆ. ಗುಂಪುಗಳ ನಡುವಿನ ಚರ್ಮ ಬರಿದಾಗಿರುತ್ತದೆ.

"ಕೆಂಪಾಗಿಲ್ಲ, ಹಾಗಾದರೆ ಸುಟ್ಟಿಲ್ಲ" ಎಂದುಕೊಳ್ಳುವುದು: ಗಾಢ ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಮುಟ್ಟಿದರೆ ಬಿಸಿ, ಬಿಗಿತ, ನೋವು, ಎರಡು ಮೂರು ದಿನದಲ್ಲಿ ಸಿಪ್ಪೆ ಏಳುವುದು ಸುಟ್ಟಿರುವ ಲಕ್ಷಣ.

ಒಂದು ತಿಂಗಳಿಗೇ ಕೈಬಿಡುವುದು: ಮೇಲ್ಪದರದ ಕಲೆ ಮಾಸಲು ತಿಂಗಳುಗಳು ಬೇಕು, ಆಳಕ್ಕಿಳಿದದ್ದು ಇನ್ನೂ ನಿಧಾನ. ಪ್ರತಿ ತಿಂಗಳು ಒಂದೇ ಜಾಗದಲ್ಲಿ, ಒಂದೇ ಹೊತ್ತಿನ ಬೆಳಕಿನಲ್ಲಿ ಚಿತ್ರ ತೆಗೆದಿಡಿ. ದಿನಾ ಕನ್ನಡಿ ನೋಡುವ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ.

ಆರು ತಿಂಗಳೊಳಗಿನ ಮಗುವಿಗೆ ಹಚ್ಚುವುದು: ಬೇಡ. ನೆರಳು, ಟೋಪಿ, ಬಟ್ಟೆ ಸಾಕು.

ವೈದ್ಯರ ಬಳಿ ಹೋಗಬೇಕಾದಾಗ

ಗಾಢ ಚರ್ಮದಲ್ಲಿ ವಿಟಮಿನ್ ಡಿ ನಿಧಾನವಾಗಿ ತಯಾರಾಗುತ್ತದೆ. ನೀವು ಬಿಸಿಲಿಗೇ ಬೀಳದವರಾದರೆ ಒಮ್ಮೆ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಸನ್‌ಸ್ಕ್ರೀನ್ ಬಿಡುವುದು ಅದಕ್ಕೆ ಪರಿಹಾರವಲ್ಲ, ಮಾತ್ರೆ ಇದೆ. ಭಂಗಿಗೆ ಯಾರೋ ಹೇಳಿದರೆಂದು ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಬೇಡಿ. ಮೊದಲ ವಾರಗಳಲ್ಲಿ ತಿಳಿಯಾದ ಹಾಗೆ ಕಂಡು, ಆಮೇಲೆ ಚರ್ಮ ತೆಳುವಾಗಿ ಮೊದಲಿಗಿಂತ ಕೆಡುತ್ತದೆ.

ಇನ್ನೊಂದು ವಿಷಯವನ್ನು ಯಾವ ಸನ್‌ಸ್ಕ್ರೀನೂ ನೋಡಿಕೊಳ್ಳುವುದಿಲ್ಲ. ಕಪ್ಪು ಚರ್ಮದವರಲ್ಲಿ ಮೆಲನೋಮ ಎಂಬ ಕ್ಯಾನ್ಸರ್ ಬಂದರೆ ಹೆಚ್ಚಾಗಿ ಬಿಸಿಲೇ ಬೀಳದ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದ ಇಂಥದ್ದೇ ಕ್ಯಾನ್ಸರಿನಿಂದ. ತಿಂಗಳಿಗೊಮ್ಮೆ ಸ್ನಾನದ ನಂತರ ಅಂಗಾಲು, ಬೆರಳ ಸಂದಿ, ಉಗುರುಗಳನ್ನು ಬೆಳಕಿಗೆ ಹಿಡಿದು ನೋಡಿ. ಹೊಸದಾಗಿ ಹುಟ್ಟಿ ದೊಡ್ಡದಾಗುತ್ತಿರುವ ಕಪ್ಪು ಮಚ್ಚೆ, ಅಂಚು ಅಂಕುಡೊಂಕಾದ ಮಚ್ಚೆ, ಮಾಯದ ಹುಣ್ಣು, ಒಂದೇ ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಪಟ್ಟೆ ಕಂಡರೆ ಕಾಯದೆ ಚರ್ಮವೈದ್ಯರಿಗೆ ತೋರಿಸಿ.